ಉರಿ ಸಣ್ಣದು, ಪಾವ್ ಬಿಸಿ: ಮುಂಬೈಯ ಹಂದಿಮಾಂಸದ ಸ್ಯಾಂಡ್‌ವಿಚ್

ಹಂದಿಯ ಭುಜದ ಮಾಂಸವನ್ನು ಸಣ್ಣ ಉರಿಯಲ್ಲಿ ಎಂಟೊಂಬತ್ತು ಗಂಟೆ ಬೇಯಿಸಿ, ಎಳೆ ಎಳೆಯಾಗಿ ಬಿಡಿಸಿ, ಅದರದೇ ರಸದಲ್ಲಿ ಹೊರಳಿಸಿ ಬನ್ನಿನೊಳಗೆ ತುಂಬಿದರೆ ಅದು ಪುಲ್ಡ್ ಪೋರ್ಕ್ ಸ್ಯಾಂಡ್‌ವಿಚ್. ಅಮೆರಿಕದ ದಕ್ಷಿಣ ರಾಜ್ಯಗಳ ಕಟ್ಟಿಗೆ ಒಲೆಯಲ್ಲಿ ಹುಟ್ಟಿದ ಈ ತಿಂಡಿಗೆ ಅನಾನಸು, ಬೆಲ್ಲ, ಶುಂಠಿ, ನಿಂಬೆ ಸೇರಿದರೆ ‘ಹವಾಯಿ ಶೈಲಿ’ ಎಂದೋ ‘ಟ್ರಾಪಿಕಲ್’ ಎಂದೋ ಹೆಸರಿಡುತ್ತಾರೆ. ಮುಂಬೈಯಲ್ಲಿ ಬಾಂದ್ರಾ, ಲೋವರ್ ಪರೇಲ್ ಕಡೆಯ ಹೊಸ ಹೋಟೆಲುಗಳು ಇದನ್ನು ವಿದೇಶಿ ತಿನಿಸೆಂದೇ ಬಡಿಸುತ್ತವೆ. ಆದರೆ ಹುಳಿಯಲ್ಲಿ ನೆನೆದು ನಿಧಾನವಾಗಿ ಬೆಂದ ಹಂದಿಮಾಂಸ, ಜತೆಗೊಂದು ಮೆತ್ತನೆಯ ಬ್ರೆಡ್ಡು ಎಂಬ ಜೋಡಿ ವಸಯಿ, ಸಾಷ್ಟಿ, ಮುಂಬೈಗಳ ಕ್ರೈಸ್ತ ಮನೆಗಳಿಗೆ ಪೋರ್ಚುಗೀಸರ ಕಾಲದಿಂದಲೂ ಗೊತ್ತು. ಹೊಸತೆಂದರೆ ಎರಡೇ: ಮಾಂಸವನ್ನು ತುಂಡಾಗಿ ಉಳಿಸದೆ ಬಿಡಿಸುವುದು, ಮತ್ತು ಅನಾನಸು.

ಮೂಲ ಹುಡುಕುತ್ತ ಹೋದರೆ ಅಟ್ಲಾಂಟಿಕ್ ಸಾಗರದ ಮದೀರಾ ದ್ವೀಪ ಸಿಗುತ್ತದೆ. ವೈನ್ ಅಥವಾ ವಿನೆಗರಿನಲ್ಲಿ ಬೆಳ್ಳುಳ್ಳಿ ಜಜ್ಜಿ ಹಾಕಿ, ಹಂದಿಮಾಂಸವನ್ನು ಒಂದೆರಡು ದಿನ ನೆನೆಸಿ ಬೇಯಿಸುವುದು ಅಲ್ಲಿಯ ಕ್ರಿಸ್ಮಸ್ ಅಡುಗೆ. ಡಿಸೆಂಬರ್ 23ರ ರಾತ್ರಿ ಫುಂಶಾಲ್ ಪಟ್ಟಣದ ಮಾರುಕಟ್ಟೆಯ ಸುತ್ತ ಜನ ಅದನ್ನು ಬ್ರೆಡ್ಡಿನೊಳಗಿಟ್ಟು ತಿನ್ನುತ್ತ ಓಡಾಡುತ್ತಾರೆ. ಪೋರ್ಚುಗೀಸರು ಹೋದಲ್ಲೆಲ್ಲ ಈ ಅಡುಗೆಯೂ ಹೋಯಿತು. 16ನೇ ಶತಮಾನದಲ್ಲಿ ಗೋವಾ ಮತ್ತು ವಸಯಿಗೆ ಬಂದದ್ದು ವಿಂದಾಲೂ ಆಯಿತು. 1835ರಿಂದ ಗಯಾನಾದ ಕಬ್ಬಿನ ತೋಟಗಳಿಗೆ ಕೂಲಿಗೆ ಹೋದ ಮದೀರಾದವರು ಅಲ್ಲಿ ‘ಗಾರ್ಲಿಕ್ ಪೋರ್ಕ್’ ಬೇರೂರಿಸಿದರು. 1878ರಲ್ಲಿ ‘ಪ್ರಿಸಿಲ್ಲಾ’ ಎಂಬ ಹಡಗು ಮದೀರಾದ ಕೂಲಿಗಳನ್ನು ಹವಾಯಿಗೆ ಇಳಿಸಿತು. ಅವರು ಹುಳಿ ಹಂದಿಮಾಂಸದ ಜತೆ ಸಿಹಿ ಬ್ರೆಡ್ಡನ್ನೂ ಒಯ್ದರು. ಓಕಿನಾವಾದಿಂದ ವಲಸೆ ಬಂದವರ ಮಗನಾದ ರಾಬರ್ಟ್ ತೈರಾ 1950ರಲ್ಲಿ ಹಿಲೋ ಪಟ್ಟಣದಲ್ಲಿ ತೆರೆದ ಬೇಕರಿ ಮುಂದೆ ‘ಕಿಂಗ್ಸ್ ಹವಾಯಿಯನ್’ ಎಂಬ ದೊಡ್ಡ ಕಂಪನಿಯಾಯಿತು. ಅದು ಮಾರುವ ಸಿಹಿ ಬನ್ನು ಆ ಪೋರ್ಚುಗೀಸ್ ಬ್ರೆಡ್ಡಿನದೇ ಸಂತಾನ. ಅಮೆರಿಕದ ಮನೆಗಳಲ್ಲಿ ಇವತ್ತು ಇಂಥ ಬನ್ನುಗಳಲ್ಲೂ ಪುಲ್ಡ್ ಪೋರ್ಕ್ ತುಂಬುತ್ತಾರೆ. ಅನಾನಸಿನ ಪಾಲು ಜೇಮ್ಸ್ ಡೋಲ್‌ನದು. ಅವನು 1901ರಲ್ಲಿ ಹವಾಯಿಯಲ್ಲಿ ಅನಾನಸು ಕಂಪನಿ ಕಟ್ಟಿದ ಮೇಲೆ ಡಬ್ಬಿಯ ಹಣ್ಣು ಅಮೆರಿಕದ ಪ್ರತಿ ಅಡುಗೆಮನೆಗೆ ಹೊಕ್ಕಿತು. ಹೀಗೆ ಲೆಕ್ಕ ಹಾಕಿದರೆ ಹವಾಯಿಯ ಬನ್ನೂ ಬಾಂದ್ರಾದ ಪಾವೂ ದಾಯಾದಿಗಳು.

ಎಲ್ಲ ಹಿರಿಮೆಯನ್ನೂ ಪೋರ್ಚುಗೀಸರಿಗೆ ಕೊಡಬೇಕಿಲ್ಲ. ಹವಾಯಿಯ ಮೂಲನಿವಾಸಿಗಳು ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಎಲೆಗಳಲ್ಲಿ ಸುತ್ತಿದ ಹಂದಿಯನ್ನು ಮುಚ್ಚಿಟ್ಟು ಬೇಯಿಸುತ್ತಿದ್ದರು. ಮೆಕ್ಸಿಕೋದ ಯುಕಟಾನ್ ಪ್ರಾಂತ್ಯದಲ್ಲಿ ಹುಳಿ ಕಿತ್ತಳೆಯ ರಸ ಹಚ್ಚಿ, ಬಾಳೆಲೆಯಲ್ಲಿ ಕಟ್ಟಿ ಬೇಯಿಸುವ ಕ್ರಮ ಈಗಲೂ ಉಂಟು.

ಮುಂಬೈಯ ಕತೆ 1534ರಿಂದ ಶುರು. ಆ ವರ್ಷ ಗುಜರಾತಿನ ಸುಲ್ತಾನ ಬಹಾದೂರ್ ಶಾ ವಸಯಿಯನ್ನೂ ಅದಕ್ಕೆ ಸೇರಿದ ದ್ವೀಪಗಳನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. 1661ರ ಮದುವೆಯ ಒಪ್ಪಂದದಲ್ಲಿ ಮುಂಬೈ ದ್ವೀಪ ಇಂಗ್ಲೆಂಡಿನ ಪಾಲಾಯಿತು. 1739ರಲ್ಲಿ ಮರಾಠರು ವಸಯಿ ಕೋಟೆ ಗೆದ್ದರು. ಅಷ್ಟರಲ್ಲಿ ಇಲ್ಲಿಯ ಕೋಳಿ, ಭಂಡಾರಿ, ಕುಣಬಿ ಮೊದಲಾದ ಜಾತಿಗಳ ಎಷ್ಟೋ ಕುಟುಂಬಗಳು ಕ್ರೈಸ್ತರಾಗಿದ್ದವು. ಬ್ರಿಟಿಷ್ ಮುಂಬೈಗೆ ಗೋವಾ, ಮಂಗಳೂರುಗಳಿಂದ ಕ್ರೈಸ್ತರು ಕೆಲಸ ಹುಡುಕಿ ಬರತೊಡಗಿದಾಗ ಈ ಸ್ಥಳೀಯರಿಗೆ ತಾವು ಬೇರೆ ಎಂದು ತೋರಿಸಿಕೊಳ್ಳಬೇಕಾಯಿತು. ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷವಾದ 1887ರಲ್ಲಿ ಅವರು ‘ಬಾಂಬೆ ಈಸ್ಟ್ ಇಂಡಿಯನ್ ಅಸೋಸಿಯೇಶನ್’ ಸ್ಥಾಪಿಸಿ ಈಸ್ಟ್ ಇಂಡಿಯನ್ನರೆಂಬ ಹೆಸರು ತಳೆದರು. ಪಶ್ಚಿಮ ಕರಾವಳಿಯ ಜನ ‘ಪೂರ್ವ’ದವರಾದದ್ದು ಕಂಪನಿ ಸರ್ಕಾರದ ಋಣ. ಮನೆಯ ಮಾತು ಮರಾಠಿಯ ಒಂದು ಬಗೆ. ವಾಸ ಬಾಂದ್ರಾದ ರಣವಾರ್, ಗಿರ್‌ಗಾಂವ್‌ನ ಖೋತಾಚಿವಾಡಿ, ಮಝಗಾಂವ್‌ನ ಮಾಥಾರಪಾಖಾಡಿಯಂಥ ಹಳೆಯ ಗಾವಠಾಣಗಳಲ್ಲಿ.

ಇವರ ಮದುವೆಯೂಟದಲ್ಲಿ ಪೋರ್ಕ್ ಇಂದ್ಯಾಲ್, ಸಾರ್‌ಪೊತೆಲ್ ಇಲ್ಲದಿದ್ದರೆ ಊಟವೇ ಆಗಲಿಲ್ಲವೆಂದು ಅರ್ಥ. ಇಂದ್ಯಾಲ್ ಎಂದರೆ ವಿಂದಾಲೂವಿನ ಇಲ್ಲಿಯ ರೂಪ: ಒಣ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಶುಂಠಿಯನ್ನು ನೀರು ಸೋಕಿಸದೆ ವಿನೆಗರಿನಲ್ಲೇ ಅರೆದು, ಕೊಬ್ಬಿರುವ ಮಾಂಸಕ್ಕೆ ಹಚ್ಚಿಡುತ್ತಾರೆ. ತೆಂಗಿನಕಾಯಿ ಹಾಕುವುದಿಲ್ಲ, ಲಂಡನ್ನಿನ ಹೋಟೆಲುಗಳಂತೆ ಆಲೂಗಡ್ಡೆಯನ್ನಂತೂ ಹಾಕುವುದೇ ಇಲ್ಲ. ಸಾರ್‌ಪೊತೆಲ್‌ನಲ್ಲಿ ಮಾಂಸದ ಜತೆ ಯಕೃತ್ತು ಮೊದಲಾದವನ್ನು ಅರೆಬೇಯಿಸಿ, ಸಣ್ಣಗೆ ಕತ್ತರಿಸಿ, ಹುರಿದು ಮತ್ತೆ ಬೇಯಿಸುವ ಕೆಲಸವಿದೆ. ಮಾಡಿದ ದಿನ ತಿನ್ನುವುದು ಅವಸರದವರ ಲಕ್ಷಣ. ದಿನಕ್ಕೊಮ್ಮೆ ಕಾಯಿಸುತ್ತ ಎರಡು ಮೂರು ದಿನ ಬಿಟ್ಟರೆ ಹುಳಿ ಒಳಗಿಳಿಯುತ್ತದೆ. ಜತೆಗೆ ಹುದುಗು ಹಿಟ್ಟನ್ನು ಉಂಡೆ ಬಿಟ್ಟು ಕರಿದ ಫುಗಿಯಾ. ಬೇಸಿಗೆಯಲ್ಲಿ ಮೆಣಸು, ಕೊತ್ತಂಬರಿ, ಎಳ್ಳು, ಗಸಗಸೆ, ಗೋಧಿ, ಕಡಲೆಬೇಳೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಾಮಾನನ್ನು ಹುರಿದು ಕುಟ್ಟಿ, ಕಂದು ಬಣ್ಣದ ಬಿಯರ್ ಬಾಟಲಿಗಳಲ್ಲಿ ವರ್ಷಕ್ಕಾಗುವಷ್ಟು ತುಂಬಿಡುವ ‘ಬಾಟಲ್ ಮಸಾಲೆ’ ಈ ಸಮುದಾಯದ ಗುರುತು. ಹುಳಿಗೆ ಕಬ್ಬಿನ ಅಥವಾ ಶೇಂದಿಯ ವಿನೆಗರ್. ಶೇಂದಿ ಇಳಿಸುವ ಭಂಡಾರಿಗಳು ಮುಂಬೈ ದ್ವೀಪದ ಹಳೆಯ ನಿವಾಸಿಗಳೇ ಆದ್ದರಿಂದ ಹುಳಿಯ ಸಾಮಾನಿಗೆ ದೂರ ಹೋಗಬೇಕಿರಲಿಲ್ಲ.

ಬ್ರೆಡ್ಡಿನೊಳಗೆ ಹಂದಿಮಾಂಸ ತುಂಬುವ ರೂಢಿ ಗಟ್ಟಿಯಾದದ್ದು ಗೋವಾದವರಿಂದ. ಹಡಗುಗಳಲ್ಲಿ ದುಡಿಯುತ್ತಿದ್ದ ಗೋವಾದ ಗಂಡಸರು ಧೋಬಿ ತಲಾವ್, ಮಝಗಾಂವ್ ಕಡೆಯ ‘ಕೂಡ್’ಗಳಲ್ಲಿ, ಅಂದರೆ ಊರಿಗೊಂದರಂತೆ ಕಟ್ಟಿಕೊಂಡ ವಸತಿ ಕ್ಲಬ್ಬುಗಳಲ್ಲಿ, ತಂಗುತ್ತಿದ್ದರು. ವಿನೆಗರ್, ಮೆಣಸು, ಉಪ್ಪು ಬೆರೆಸಿದ ಮಾಂಸವನ್ನು ಕರುಳಿನಲ್ಲಿ ತುಂಬಿ, ಬಿಸಿಲಿಗೆ ಹೊಗೆಗೆ ಒಣಗಿಸಿದ ಚೋರಿಸ್ ಫ್ರಿಜ್ ಬೇಡದ ಪದಾರ್ಥ. ಅದನ್ನು ಬಿಡಿಸಿ ಈರುಳ್ಳಿಯೊಂದಿಗೆ ಬಾಡಿಸಿ, ಇಳಿದ ಕೆಂಪು ಕೊಬ್ಬಿನ ಸಮೇತ ಪಾವಿಗೆ ತುಂಬಿದರೆ ಚೋರಿಸ್ ಪಾವ್. ಪುಲ್ಡ್ ಪೋರ್ಕಿಗೆ ಮುಂಬೈಯಲ್ಲಿ ಅತಿ ಹತ್ತಿರದ ಹಳೆಯ ತಿಂಡಿ ಯಾವುದೆಂದರೆ ಇದೇ. ಧೋಬಿ ತಲಾವ್‌ನ ಸ್ನೋಫ್ಲೇಕ್, ಕೊಲಾಬಾದ ನ್ಯೂ ಮಾರ್ಟಿನ್ ಥರದ ಪುಟ್ಟ ಹೋಟೆಲುಗಳು ಗೋವಾದ ಊಟವನ್ನು ಆಡಂಬರವಿಲ್ಲದೆ ಬಡಿಸಿ ಹೆಸರಾದವು.

ಕನ್ನಡ ಓದುಗರಿಗೆ ಹತ್ತಿರದ ದಾರಿ ಮಂಗಳೂರಿನದು. 19ನೇ ಶತಮಾನದ ಕೊನೆಯಿಂದ ದಕ್ಷಿಣ ಕನ್ನಡದ ಕೊಂಕಣಿ ಕ್ರೈಸ್ತರು ಕಚೇರಿ, ಆಸ್ಪತ್ರೆ, ಹೋಟೆಲು, ಹಡಗುಗಳ ಕೆಲಸಕ್ಕೆ ಮುಂಬೈಗೆ ಬಂದು ಮಾಹಿಮ್, ಬಾಂದ್ರಾ, ಕಲಿನಾ, ಅಂಧೇರಿ, ಬೋರಿವಲಿಗಳಲ್ಲಿ ನೆಲೆಸಿದರು. ಮನೆಯಲ್ಲಿ ಕೊಂಕಣಿ, ಓದು ಬರಹ ಕನ್ನಡ ಲಿಪಿಯಲ್ಲಿ. ‘ದಿವೊ’ ವಾರಪತ್ರಿಕೆ ಮುಂಬೈಯಲ್ಲೇ ಆ ಲಿಪಿಯಲ್ಲಿ ಅಚ್ಚಾಗುತ್ತಿತ್ತು. ಅಡುಗೆಯಲ್ಲಿ ಇವರ ಮುದ್ರೆ ‘ಬಫಾತ್’ ಪುಡಿ: ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕರಿಮೆಣಸು, ಅರಿಶಿನ, ಒಂದಿಷ್ಟು ಲವಂಗ ದಾಲ್ಚಿನ್ನಿ. ಹಾವೇರಿ ಸೀಮೆಯ ಬ್ಯಾಡಗಿ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಖಾರ ಕಡಿಮೆ, ಬಣ್ಣ ಜೋರು. ನಿಧಾನ ಬೇಯುವ ಮಾಂಸಕ್ಕೆ ಬೇಕಾದದ್ದೂ ಅದೇ, ಏಕೆಂದರೆ ಗಂಟೆಗಟ್ಟಲೆ ಕುದಿದ ಗುಂಟೂರು ಮೆಣಸು ಸಿಹಿಯನ್ನು ಮುಚ್ಚಿಹಾಕುತ್ತದೆ.

ಬಫಾತ್ ಪುಡಿ, ಈರುಳ್ಳಿ, ಶುಂಠಿ, ಹಸಿಮೆಣಸು, ವಿನೆಗರ್ ಅಥವಾ ಹುಣಸೆ ಹಾಕಿ, ಮಾಂಸ ಬಿಟ್ಟ ಕೊಬ್ಬಿನಲ್ಲೇ ಬೇಯಿಸಿದ್ದು ದುಕ್ರಾ ಮಾಸ್. ಭಾನುವಾರದ ಪೂಜೆ ಮುಗಿಸಿ ಬಂದವರಿಗೆ ಸಣ್ಣಾಂ ಜತೆ ಇದು. ಉಳಿದದ್ದು ಸೋಮವಾರ ಬೆಳಿಗ್ಗೆ ಪಾವಿನೊಳಗೆ. ಮುಂಬೈಯಲ್ಲಿ ಅಕ್ಕಿ ನೆನೆಸಿ ರುಬ್ಬಿ ಹುದುಗು ಬರಿಸುವ ಪುರುಸೊತ್ತು ಯಾರಿಗಿದೆ? ಗಲ್ಲಿಯ ಬೇಕರಿಯ ಪಾವ್ ಸಣ್ಣಾಂ ಜಾಗಕ್ಕೆ ಬಂದದ್ದು ಹೀಗೆ ಅನುಕೂಲದಿಂದ. ಕೊಡಗಿನ ಪಂದಿ ಕರಿಯ ತರ್ಕವೂ ಬೇರೆಯಲ್ಲ. ಅಲ್ಲಿ ವಿನೆಗರಿನ ಬದಲು ಕಾಚಂಪುಳಿ, ಪಾವಿನ ಬದಲು ಕಡುಂಬುಟ್ಟು.

ಅಡುಗೆಯ ಒಳಗುಟ್ಟು ಮಾಂಸದ ಆಯ್ಕೆಯಲ್ಲಿದೆ. ಬೆನ್ನಿನ ಮೆದು ಮಾಂಸ ಇದಕ್ಕೆ ಬಾರದು; ಹೊತ್ತು ಬೇಯಿಸಿದಷ್ಟೂ ಒಣಗಿ ನಾರಾಗುತ್ತದೆ. ಸದಾ ದುಡಿಯುವ ಭುಜದ ಸ್ನಾಯುವಿನಲ್ಲಿ ಕೊಲಾಜನ್ ಎಂಬ ಗಟ್ಟಿ ಅಂಟು ಪ್ರೋಟೀನು ಹೇರಳ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ಗಂಟೆ ಕಳೆದರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ಮಾಂಸದ ಒಳಗಿನ ಶಾಖ 90–95 ಡಿಗ್ರಿ ಮುಟ್ಟಿದಾಗ ಎಳೆಗಳು ಫೋರ್ಕಿಗೇ ಬಿಟ್ಟುಕೊಳ್ಳುತ್ತವೆ. ಬಿಡಿಸಿದ ಮಾಂಸ ತೇವವಾಗಿ ಕಾಣುವುದು ಆ ಜೆಲಾಟಿನ್ ಮತ್ತು ಕೊಬ್ಬಿನಿಂದಲೇ. ಅಂಗಡಿಯವನ ಹತ್ತಿರ ‘ಶೋಲ್ಡರ್, ಕೊಬ್ಬು ಬಿಡಿ’ ಎಂದು ಕೇಳಬೇಕು. ಕೊಬ್ಬು ತೆಗೆಸಿ ತಂದರೆ ಆಮೇಲೆ ಯಾವ ಸಾಸ್ ಸುರಿದರೂ ಸರಿಹೋಗದು.

ಸ್ಲೋ ಕುಕ್ಕರ್ ಮುಂಬೈಗೆ ಇನ್ನೂ ಅಪರೂಪದ ಪಾತ್ರೆ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬಾತ ಲಿಥುವೇನಿಯಾ ಮೂಲದ ತನ್ನ ತಾಯಿಯಿಂದ ಒಂದು ಕತೆ ಕೇಳಿದ್ದ: ಯಹೂದಿಗಳು ಸಬ್ಬತ್ತಿಗೆ ಮುನ್ನ ಕಾಳು–ಮಾಂಸದ ಮಡಕೆಯನ್ನು ಊರ ಬೇಕರಿಯ ಒಲೆಯಲ್ಲಿಟ್ಟು ರಾತ್ರಿಯಿಡೀ ಬೇಯಲು ಬಿಡುತ್ತಿದ್ದರಂತೆ. ಆ ನೆನಪಿನಿಂದ ಅವನು ಮಾಡಿದ ವಿದ್ಯುತ್ ಪಾತ್ರೆಗೆ 1940ರಲ್ಲಿ ಪೇಟೆಂಟ್ ಬಂತು. ರೈವಲ್ ಕಂಪನಿ ಅದನ್ನು 1971ರಲ್ಲಿ ‘ಕ್ರಾಕ್‌ಪಾಟ್’ ಹೆಸರಿನಲ್ಲಿ ಮನೆಮನೆಗೆ ತಲುಪಿಸಿತು. ಹಂದಿ ತಿನ್ನದ ಸಮುದಾಯದ ಅಡುಗೆಯಿಂದ ಹುಟ್ಟಿದ ಪಾತ್ರೆಯಲ್ಲಿ ಇಂದು ಹಂದಿ ಬೇಯುತ್ತದೆ ಎಂಬುದು ಚರಿತ್ರೆಯ ಕುಚೋದ್ಯ. ಭಾರತ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. 1959ರಲ್ಲಿ ಮುಂಬೈಯಲ್ಲಿ ಶುರುವಾದ ಹಾಕಿನ್ಸ್ ಕಂಪನಿ ಅವಸರದ ನಗರಕ್ಕೆ ಸೀಟಿ ಹೊಡೆಯುವ ಕುಕ್ಕರ್ ಕೊಟ್ಟಿತು. ಪ್ರೆಷರ್ ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಆಸುಪಾಸು ಇರುವುದರಿಂದ ಭುಜದ ಮಾಂಸ ಮುಕ್ಕಾಲು ಗಂಟೆಯಲ್ಲಿ ಎಳೆ ಬಿಡುತ್ತದೆ. ಆದರೆ ಕಾವಲು ಬೇಕು, ನೀರು ಬೇಕು, ಒಂದೈದು ನಿಮಿಷ ಹೆಚ್ಚಾದರೆ ಮುದ್ದೆ. ಸ್ಲೋ ಕುಕ್ಕರಿನ ನಿಜವಾದ ಲಾಭ ರುಚಿಗಿಂತ ಅನುಕೂಲದ್ದು: ಬೆಳಗಿನ 8.12ರ ಲೋಕಲ್ ಹಿಡಿಯುವವರು ಗುಂಡಿ ಒತ್ತಿ ಹೋಗಿ ಸಂಜೆ ಬಂದು ಮುಚ್ಚಳ ತೆಗೆಯಬಹುದು. 200 ವ್ಯಾಟಿನ ಕುಕ್ಕರಿಗೆ 8 ಗಂಟೆಗೆ ಒಂದೂಮುಕ್ಕಾಲು ಯೂನಿಟ್ಟಿಗಿಂತ ಕಡಿಮೆ ಕರೆಂಟು. ಹಳೆಯ ಮನೆಗಳಲ್ಲಿ ಮಣ್ಣಿನ ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ.

ಇನ್ನು ಅನಾನಸು. ದಕ್ಷಿಣ ಅಮೆರಿಕದ ಈ ಹಣ್ಣು ಭಾರತಕ್ಕೆ ಬಂದದ್ದೂ ಪೋರ್ಚುಗೀಸರ ಹಡಗಿನಲ್ಲೇ. ಫರಂಗಿಗಳ, ಅಂದರೆ ಯುರೋಪಿಯನ್ನರ, ಬಂದರುಗಳಿಂದ ಬರುವ ಹಣ್ಣೆಂದು ಜಹಾಂಗೀರ್ ಬಾದಶಹ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಇಳಿಯುವ ಅನಾನಸಿನಲ್ಲಿ ಕೇರಳದ್ದೇ ದೊಡ್ಡ ಪಾಲು; ಅಲ್ಲಿಯ ವಾಳಕ್ಕುಳಂ ಹಣ್ಣಿಗೆ 2009ರಲ್ಲಿ ಭೌಗೋಳಿಕ ಗುರುತು ಬಂದಿದೆ. ಕರ್ನಾಟಕದಲ್ಲಿ ಬನವಾಸಿ, ಸೊರಬದ ಸುತ್ತ ಇದರ ತೋಟಗಳಿವೆ. ಹಸಿ ಅನಾನಸಿನಲ್ಲಿರುವ ಬ್ರೋಮೆಲೈನ್ ಎಂಬ ಕಿಣ್ವ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಕಬಾಬಿನವರು ಪಪಾಯಿ ಕಾಯಿ ಅರೆದು ಹಚ್ಚುವುದು ಇಂಥದೇ ಗುಣಕ್ಕಾಗಿ. ರಾತ್ರಿಯಿಡೀ ಅನಾನಸಿನಲ್ಲಿ ನೆನೆದ ಮಾಂಸದ ಹೊರಪದರ ಹಿಟ್ಟಿನಂತೆ ಮೆತ್ತಗಾಗಿ ಎಳೆ ಸಿಗುವುದೇ ಇಲ್ಲ. 70 ಡಿಗ್ರಿಯ ಮೇಲೆ ಈ ಕಿಣ್ವ ಕೆಲಸ ನಿಲ್ಲಿಸುತ್ತದೆ. ಹಾಗಾಗಿ ಹಣ್ಣನ್ನು ಮೊದಲು ಬೇಯಿಸಿ, ಕೊನೆಗೆ ಸೇರಿಸುವುದೇ ಸರಿ.

ಹೇಗೆ ಬೇಯಿಸಬೇಕೆಂಬುದಕ್ಕೆ ಪಾಠ ಹವಾಯಿಯಲ್ಲಿ ಹುಡುಕಬೇಕಿಲ್ಲ. ಉಡುಪಿ ಕಡೆಯ ಮದುವೆಯೂಟದ ಅನಾನಸು ಮೆಣಸ್ಕಾಯಿ ಸಿಹಿ, ಹುಳಿ, ಖಾರಗಳನ್ನು ಸಮತೂಕಕ್ಕೆ ತರುವ ಪಕ್ಕಾ ವಿಧಾನ: ಹಣ್ಣನ್ನು ಬೆಲ್ಲ, ಹುಣಸೆರಸದಲ್ಲಿ ಬೇಯಿಸಿ, ಹುರಿದ ಎಳ್ಳು, ಮೆಣಸು, ತೆಂಗಿನಕಾಯಿ ಅರೆದು ಹಾಕುವುದು. ಶುದ್ಧ ಸಸ್ಯಾಹಾರದ ಪಂಕ್ತಿಯಿಂದ ಬಂದ ಈ ಗೊಜ್ಜಿನ ತರ್ಕ ಬಫಾತ್ ಮಾಂಸದ ಕೊಬ್ಬಿಗೆ ಚೆನ್ನಾಗಿ ಒಪ್ಪುತ್ತದೆ. ಬಾಟಲಿಯ ಬಾರ್ಬೆಕ್ಯೂ ಸಾಸ್ ಸುರಿದವರಿಗೆ ಸಿಗುವುದು ಬರೀ ಸಕ್ಕರೆ ಮತ್ತು ಕೃತಕ ಹೊಗೆಯ ವಾಸನೆ.

ಇನ್ನು ಮಾಡುವ ಕ್ರಮ: ಒಂದೂವರೆ ಕಿಲೋ ಮಾಂಸಕ್ಕೆ 12 ಬ್ಯಾಡಗಿ ಮೆಣಸು, ಒಂದೊಂದು ಚಮಚ ಜೀರಿಗೆ ಮತ್ತು ಕರಿಮೆಣಸು, 5 ಲವಂಗ, ಒಂದು ತುಂಡು ದಾಲ್ಚಿನ್ನಿ, 15 ಎಸಳು ಬೆಳ್ಳುಳ್ಳಿ, ಹೆಬ್ಬೆರಳಿನಷ್ಟು ಶುಂಠಿಯನ್ನು 100 ಮಿಲಿ ಶೇಂದಿ ವಿನೆಗರಿನಲ್ಲಿ ಅರೆದು, ಉಪ್ಪು ಸೇರಿಸಿ, ದೊಡ್ಡ ತುಂಡುಗಳಿಗೆ ಹಚ್ಚಿ ರಾತ್ರಿ ಫ್ರಿಜ್‌ನಲ್ಲಿಡಬೇಕು. ಬೆಳಿಗ್ಗೆ ಕಂದಾಗುವಂತೆ ಹುರಿದ ಎರಡು ಈರುಳ್ಳಿಯನ್ನು ಕುಕ್ಕರಿನ ತಳಕ್ಕೆ ಹಾಸಿ, ಮೇಲೆ ಮಾಂಸವಿಟ್ಟು, ‘ಲೋ’ದಲ್ಲಿ 8ರಿಂದ 9 ಗಂಟೆ. ನೀರು ಹನಿಯೂ ಬೇಡ. ಮಾಂಸವೇ ಸಾಕಷ್ಟು ಬಿಡುತ್ತದೆ. ನಡುವೆ ಮುಚ್ಚಳ ತೆಗೆದು ಇಣುಕುವ ಚಪಲ ಇದ್ದವರಿಗೆ ಅಡುಗೆ ತಡವಾಗುತ್ತದೆ, ಅಷ್ಟೆ. ಬೆಂದ ಮಾಂಸವನ್ನು ತಟ್ಟೆಗೆ ತೆಗೆದು ಎರಡು ಫೋರ್ಕಿನಿಂದ ಬಿಡಿಸಿ, ರಸದ ಮೇಲಿನ ಕೊಬ್ಬನ್ನು ಸೌಟಿನಲ್ಲಿ ಬೇರೆ ಮಾಡಿ, ಉಳಿದ ರಸವನ್ನು ಗ್ಯಾಸಿನ ಮೇಲೆ ಮೂರರಲ್ಲೊಂದು ಪಾಲಿಗೆ ಇಂಗಿಸಬೇಕು. ಬಹಳ ಜನ ಬಿಟ್ಟುಬಿಡುವ ಹಂತ ಇದು. ಬಿಟ್ಟರೆ ಪಾವ್ ನೆನೆದು ಕೈಯಲ್ಲೇ ಕುಸಿಯುತ್ತದೆ. ಅರ್ಧ ಅನಾನಸನ್ನು ಸಣ್ಣಗೆ ಹೆಚ್ಚಿ 60 ಗ್ರಾಂ ಬೆಲ್ಲ, ಚಿಟಿಕೆ ಉಪ್ಪು, ಸ್ವಲ್ಪ ಹುರಿದ ಎಳ್ಳಿನೊಂದಿಗೆ ಗಟ್ಟಿಯಾಗುವ ತನಕ ಬೇಯಿಸಿ, ಇಂಗಿದ ರಸದೊಂದಿಗೆ ಮಾಂಸಕ್ಕೆ ಕಲಸಿದರೆ ಹೂರಣ ಸಿದ್ಧ. ತೆಗೆದಿಟ್ಟ ಕೊಬ್ಬನ್ನು ತವಾಕ್ಕೆ ಸವರಿ ಪಾವಿನ ಒಳಮೈ ಕಾಯಿಸಿ, ಮೇಲೆ ತೆಳ್ಳಗೆ ಹೆಚ್ಚಿದ ಎಲೆಕೋಸು, ಮಾವಿನಕಾಯಿ, ಕೊತ್ತಂಬರಿ ಸೊಪ್ಪು. ಹನ್ನೆರಡರಿಂದ ಹದಿನೈದು ಪಾವಿಗಾಗುತ್ತದೆ.

ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬಾರದು. ನಿಧಾನವಾಗಿ ಬಿಸಿಯೇರುವಾಗ ರೋಗಾಣುಗಳಿಗೆ ಬೆಳೆಯಲು ಹೊತ್ತು ಸಿಗುತ್ತದೆ. ಹಂದಿಯಿಂದ ಬರುವ ಲಾಡಿಹುಳುವಿನ ಭಯ ಪೂರ್ತಿ ಬೆಂದ ಮಾಂಸದಲ್ಲಿ ಇಲ್ಲ.

ಪಾವಿನ ಬಗ್ಗೆ ಒಂದು ಮಾತು. ಮುಂಬೈಗೆ ಪಾವ್ ಸುಡುವ ಕಸುಬು ತಂದವರು ಗೋವಾದವರು. ಮೊದಮೊದಲು ಹಿಟ್ಟು ಉಬ್ಬಿಸಲು ಶೇಂದಿ ಬಳಸುತ್ತಿದ್ದರು. 1908ರ ಅಮೆರಿಕನ್ ಎಕ್ಸ್‌ಪ್ರೆಸ್ ಬೇಕರಿ ಆ ಪರಂಪರೆಯದು. ಇರಾನಿಗಳ ಬೇಕರಿಗಳು ಬ್ರುನ್ ಪಾವ್, ಬನ್ ಮಸ್ಕಾಗಳ ರುಚಿ ಹತ್ತಿಸಿದವು. 1966ರಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ್ ವೈದ್ಯ ವಡೆಯನ್ನು ಪಾವಿನೊಳಗಿಟ್ಟು ಮಾರತೊಡಗಿದ ಮೇಲೆ ಅದು ಎಲ್ಲ ಜಾತಿ ಧರ್ಮಗಳ ಅನ್ನವಾಯಿತು. ಹಂದಿಮಾಂಸಕ್ಕೆ ಒಗ್ಗುವುದು ಮೆತ್ತನೆಯ ಲಾದಿ ಪಾವ್. ಬ್ರುನ್ ಪಾವಿನ ಗಟ್ಟಿ ಸಿಪ್ಪೆ ಕಚ್ಚಿದಾಗ ಹೂರಣವೆಲ್ಲ ಹಿಂದಿನಿಂದ ಜಾರುತ್ತದೆ. ಕಟ್ಟಿಗೆ, ಕಲ್ಲಿದ್ದಲಿನ ಬೇಕರಿಗಳು ಆರು ತಿಂಗಳಲ್ಲಿ ಸ್ವಚ್ಛ ಇಂಧನಕ್ಕೆ ಬದಲಾಗಬೇಕೆಂದು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ಹೇಳಿತು. ಗಾಳಿಗೆ ಒಳ್ಳೆಯದೇ; ಪಾವಿನ ತಳದ ಹೊಗೆವಾಸನೆ ಇನ್ನು ಅಪರೂಪವಾಗಬಹುದು.

ಇಷ್ಟು ಹಳೆಯ ಅಡುಗೆ ಬೀದಿಗೆ ಬಾರದೆ ಮನೆಯೊಳಗೇ ಉಳಿದದ್ದಕ್ಕೆ ಕಾರಣ ಸ್ಪಷ್ಟ. ಮುಸ್ಲಿಮರಿಗೆ ಹಂದಿ ನಿಷಿದ್ಧ. ಹಿಂದೂಗಳಲ್ಲೂ ಬಹುಪಾಲು ಜನ ತಿನ್ನುವುದಿಲ್ಲ. ಬಂಟರು, ಮೊಗವೀರರು ಹೆಸರು ಮಾಡಿದ ಮುಂಬೈಯ ಮಂಗಳೂರು ಹೋಟೆಲುಗಳು ಮೀನು, ಕೋಳಿಗೆ ನಿಂತವು. ಸರ್ಕಾರವೇನೋ ಬೋರಿವಲಿಯಲ್ಲಿ ಬೇಕನ್ ಕಾರ್ಖಾನೆ ನಡೆಸಿ ನೋಡಿತು. ಕೊಂಡುಕೊಳ್ಳುವವರು ಮಾತ್ರ ಬಾಂದ್ರಾದ ಪಾಲಿ ಮಾರ್ಕೆಟ್, ಮಾಲಾಡಿನ ಓರ್ಲೆಮ್, ಬೋರಿವಲಿಯ ಐಸಿ ಕಾಲೊನಿಯಂಥ ಕ್ರೈಸ್ತ ಬಡಾವಣೆಗಳ ಕೋಲ್ಡ್ ಸ್ಟೋರೇಜ್ ಅಂಗಡಿಗಳಿಗೇ ಹೋಗುತ್ತಾರೆ. ಈಸ್ಟರಿಗೆ ಮುಂಚಿನ ಉಪವಾಸದ, ಅಂದರೆ ತಪಸ್ಸು ಕಾಲದ, ನಲವತ್ತು ದಿನ ವ್ಯಾಪಾರ ತಣ್ಣಗಿದ್ದು, ಈಸ್ಟರಿನ ಹಿಂದಿನ ದಿನ ಸಾಲು ಬೀದಿಗೆ ಬರುತ್ತದೆ.

ಬದಲಾವಣೆ ಬಂದದ್ದು ಕಳೆದ ದಶಕದಲ್ಲಿ. ಮುಂಬೈಯಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಬಾಣಸಿಗ ಫ್ಲಾಯ್ಡ್ ಕಾರ್ಡೋಜ್ 2015ರಲ್ಲಿ ಲೋವರ್ ಪರೇಲಿನ ‘ಬಾಂಬೆ ಕ್ಯಾಂಟೀನ್’, 2017ರಲ್ಲಿ ಬಾಂದ್ರಾ–ಕುರ್ಲಾ ಸಂಕೀರ್ಣದ ‘ಓ ಪೆದ್ರೊ’ ಹೋಟೆಲುಗಳಲ್ಲಿ ಪಾಲುದಾರನಾಗಿ, ಅಜ್ಜಿಯಂದಿರ ಅಡುಗೆಗೆ ಮೆನುವಿನಲ್ಲಿ ಮರ್ಯಾದೆಯ ಜಾಗ ಕೊಟ್ಟ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ. ಅದೇ ವರ್ಷದ ಲಾಕ್‌ಡೌನ್ ಕಾಲದಲ್ಲಿ ಈಸ್ಟ್ ಇಂಡಿಯನ್, ಗೋವಾ, ಮಂಗಳೂರು ಮನೆಗಳ ಹೆಂಗಸರು ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ಹಿಡಿದು ಇಂದ್ಯಾಲ್, ದುಕ್ರಾ ಮಾಸ್ ಡಬ್ಬಿಗಳನ್ನು ನಗರದ ಉದ್ದಕ್ಕೂ ಕಳಿಸಿದರು.

ಹಂದಿ ತಿನ್ನದವರಿಗೂ ಈ ಹೂರಣ ದೂರವಲ್ಲ. ಹಲಸಿನ ಗುಜ್ಜೆ ಬೇಯಿಸಿ ಬಿಡಿಸಿದರೆ ಮಾಂಸದಂತೆಯೇ ಎಳೆ ಬರುತ್ತದೆ. ಅಮೆರಿಕದ ಸಸ್ಯಾಹಾರಿಗಳು ಪುಲ್ಡ್ ಪೋರ್ಕಿಗೆ ಬದಲಾಗಿ ಬಳಸುವುದು ಡಬ್ಬಿಯಲ್ಲಿ ಸಿಗುವ ಇದನ್ನೇ. ಪ್ರೋಟೀನು ತೀರ ಕಡಿಮೆ, ಕೊಬ್ಬಂತೂ ಇಲ್ಲವೇ ಇಲ್ಲ. ಆದ್ದರಿಂದ ತೆಂಗಿನೆಣ್ಣೆಯನ್ನು ಧಾರಾಳವಾಗಿ ಬಿಟ್ಟು, ವಿನೆಗರನ್ನು ಅರ್ಧಕ್ಕಿಳಿಸಿ, ಅದೇ ಮಸಾಲೆಯಲ್ಲಿ ಬೇಯಿಸಬೇಕು. ಎಂಟು ಗಂಟೆ ಬೇಡ. ಅರ್ಧ ಗಂಟೆ ಸಾಕು, ಅದಕ್ಕೆ ಸ್ಲೋ ಕುಕ್ಕರೂ ಬೇಕಿಲ್ಲ.